ಮಗ್ಗಲು ಬದಲಿಸಿದ ಕಲ್ಲು

ಗ್ಯಾಸ್ ಸಿಲಿಂಡರ್ ತರುವ ಹುಡುಗ ಅದನ್ನು ಹೊತ್ತು ತರುವುದಿಲ್ಲ. ಗೇಟಿನಲ್ಲೇ ಓರೆ ಮಾಡಿ, ಅಡಿಯ ಕಬ್ಬಿಣದ ಬಳೆಯ ಮೇಲೆ ಉರುಳಿಸುತ್ತ ಬಾಗಿಲತನಕ ತರುತ್ತಾನೆ. ಒಳಗೆ ಕೂತು ಆ ಸದ್ದು ಕೇಳಿದರೆ ಸಾಕು, ಅಂಗಳದ ಹಾಸುಗಲ್ಲಿನ ಯೋಗಕ್ಷೇಮ ಗೊತ್ತಾಗುತ್ತದೆ. ಭದ್ರವಾಗಿ ಕೂತ ಕಲ್ಲಿನ ಮೇಲೆ ಗರ್ರ್ ಅಂತ ಒಂದೇ ದನಿ. ಅಡಿ ಪೊಳ್ಳಾದ ಕಲ್ಲಿಗೆ ಬಂದರೆ ಡಬ್. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ 22 ಕಲ್ಲುಗಳಲ್ಲಿ 14 ಡಬ್ ಅನ್ನುತ್ತಿದ್ದವು. ಎರಡರ ಮೂಲೆ ಮುರಿದಿತ್ತು. ಒಂದು ಕಲ್ಲಂತೂ ಕಾಲಿಟ್ಟರೆ ಆ ಕಡೆ ಎದ್ದು, ಸಂದಿನ ಕೆಸರುನೀರನ್ನು ನೇರ ಧೋತರಕ್ಕೆ ಚಿಮ್ಮಿಸುತ್ತಿತ್ತು.

ಗೇಟಿನಿಂದ ಹೊಸ್ತಿಲಿಗೆ 22 ಅಡಿ. ಅಗಲ 4 ಅಡಿ. ಎರಡಡಿ ಚೌಕದ, ಒಂದೂವರೆ ಇಂಚು ದಪ್ಪದ ಶಹಾಬಾದ ಕಲ್ಲು, ಎರಡು ಸಾಲು. ಅಪ್ಪ ರೈಲ್ವೆ ನೌಕರಿಗೆಂದು ಕಲಬುರಗಿ ಕಡೆಯಿಂದ ದೌಂಡಕ್ಕೆ ಬಂದವರು, ನಿವೃತ್ತರಾದ ಮೇಲೂ ಇಲ್ಲೇ ಉಳಿದರು. ಕಲ್ಲೂ ಅದೇ ಸೀಮೆಯದು. ಮಹಾರಾಷ್ಟ್ರದಲ್ಲಿ ‘ಶಹಾಬಾದಿ ಫರಶಿ’ ಕಾಣದ ಹಳೆಯ ಅಂಗಳ, ಶಾಲೆಯ ವರಾಂಡ, ಅಡುಗೆಕಟ್ಟೆ ಸಿಗುವುದು ಕಷ್ಟ. ಆದರೆ ಶಹಾಬಾದ ಅನ್ನುವುದು ಒಂದು ಊರು, ಅಲ್ಲಿ ಕನ್ನಡ ಮಾತಾಡುತ್ತಾರೆ ಅಂದರೆ ನಮ್ಮ ಓಣಿಯವರು ಇನ್ನೂ ನಂಬಿಲ್ಲ. ಅವರಿಗೆ ಅದು ಕಲ್ಲಿನ ಜಾತಿಯ ಹೆಸರು ಅಷ್ಟೇ. ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿ ದಾಟಿ ವಾಡಿ ಜಂಕ್ಷನ್ ಬರುವುದರೊಳಗೆ ಕಿಟಕಿಯಾಚೆ ನೋಡಿದವರಿಗೆ ನಾನು ಹೇಳಬೇಕಾದ್ದಿಲ್ಲ. ಆ ಸೀಮೆಯಲ್ಲಿ ನೆಲಕ್ಕೂ ಅದೇ ಕಲ್ಲು, ಮಾಳಿಗೆಗೂ ಅದೇ, ಹೊಲದ ಬದುವಿಗೆ ಸಾಲಾಗಿ ನೆಟ್ಟ ಬೇಲಿಗೂ ಅದೇ. ಮಳಖೇಡದ ಕೋಟೆ ಗೋಡೆಯೂ ಈ ಜಾತಿಯ ಸುಣ್ಣಗಲ್ಲಿನದೇ.

ಭೂಶಾಸ್ತ್ರದವರು ಈ ಕಲ್ಲು ಹುಟ್ಟಿದ ನೆಲವನ್ನು ಭೀಮಾ ಕಣಿವೆ ಅಂತ ಕರೆಯುತ್ತಾರೆ. ದೌಂಡದ ಪಕ್ಕ ಹರಿಯುವ ನದಿಯೂ ಭೀಮೆಯೇ. ಅಂದರೆ ನೀರು ಇಲ್ಲಿಂದ ಕಲಬುರಗಿ ಸೀಮೆಗೆ ಇಳಿದುಹೋಗುತ್ತದೆ, ಕಲ್ಲು ಅಲ್ಲಿಂದ ಇಲ್ಲಿಗೆ ಹತ್ತಿ ಬರುತ್ತದೆ. ಇನ್ನೊಂದು ವಿಚಿತ್ರ: ದೌಂಡದ ನೆಲ ದಖ್ಖನ್ ಲಾವಾದ ಕರಿಕಲ್ಲು, ವಯಸ್ಸು ಸುಮಾರು 6.6 ಕೋಟಿ ವರ್ಷ. ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಶಹಾಬಾದ ಕಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಎಳೆಯ ನೆಲದ ಮೇಲೆ ಮುದಿ ಕಲ್ಲು ಹಾಸಿ ನಾವು ಚಪ್ಪಲಿ ಬಿಡುತ್ತೇವೆ. ಆ ಪದರಗಳಿಂದಲೇ ಅದು ರೊಟ್ಟಿಯಂತೆ ಏಳುತ್ತದೆ, ಗಣಿಯಲ್ಲಿ ಹಾರೆ ಹಾಕಿ ಮೀಟಿದರೆ ಚಪ್ಪಡಿ. ಆ ಪದರಗಳಿಂದಲೇ ಮುಪ್ಪಿನಲ್ಲಿ ಹೊಪ್ಪಳಿಕೆಯನ್ನೂ ಬಿಡುತ್ತದೆ.

ಎಲ್ಲ ಕಿತ್ತೆಸೆದು ಹೊಸದು ಹಾಕಿಸಿಬಿಡೋಣ ಅಂತ ಮೊದಲು ನಿಶ್ಚಯಿಸಿದ್ದೆ. ಇಲ್ಲಿಯ ಒಬ್ಬ ಗುತ್ತಿಗೆದಾರ ಬಂದು ಪೇವರ್ ಬ್ಲಾಕಿನ ಬಣ್ಣಗಳ ಹಾಳೆ ಬಿಚ್ಚಿ ಕೂತ. ಪೇವರ್ ಮೇಲೆ ನನಗೆ ವೈರವಿಲ್ಲ. ಎರಡನೇ ಮಹಾಯುದ್ಧದ ನಂತರ ಡಚ್ಚರು ಇಟ್ಟಿಗೆ ರಸ್ತೆಗಳ ಬದಲು ಬಳಸಿ ಗೆದ್ದ ವಸ್ತು ಅದು. ನಡೆದಾಡುವ ಜಾಗಕ್ಕೆ 60 ಮಿಲಿಮೀಟರ್, ಭಾರದ ಗಾಡಿ ನಿಲ್ಲುವ ಕಡೆ 80 ಎಂಬ ಲೆಕ್ಕ ಮೀರದಿದ್ದರೆ ಚೆನ್ನಾಗಿಯೇ ಬಾಳುತ್ತದೆ. ಬಸ್ ಸ್ಟ್ಯಾಂಡಿಗೆ ಹೇಳಿ ಮಾಡಿಸಿದ್ದು. ಹಾಳೆ ನೋಡಿದ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ರಂಗೋಲಿ ಎಲ್ಲಿ ಹಾಕಲಿರಿ?”

ಅಲ್ಲಿಗೆ ಹಾಳೆ ಮಡಚಿದ್ದಾಯಿತು. ಗೇಣಿಗೊಂದು ಸಂದು, ಸಂದಿಗೊಂದು ಬಾಗು ಇರುವ ನೆಲದಲ್ಲಿ ಎಳೆ ಹೇಗೆ ಓಡಬೇಕು? ಶಹಾಬಾದ ಕಲ್ಲಿನ ಮೇಲೆ ಜಾಜು ಬಳಿದು, ಅದು ಆರುವ ಮುನ್ನ ಬಿಟ್ಟ ರಂಗೋಲಿಯ ಪುಡಿ ಸಂಜೆಯವರೆಗೆ ಕದಲುವುದಿಲ್ಲ. ತೀರ ನುಣುಪಲ್ಲ, ತೀರ ಒರಟಲ್ಲ, ಕಲ್ಲಿನ ಆ ಮೈಯೇ ಹಾಗೆ. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಪುಡಿ ಗಾಳಿಗೆ ಹಾರುತ್ತದೆ, ಮಳೆಯಲ್ಲಿ ಯಜಮಾನರು ಹಾರುತ್ತಾರೆ.

ಕೊನೆಗೆ ಸಿಕ್ಕಿದ ಗೌಂಡಿ ಯಾದಗಿರಿ ಕಡೆಯವ, ಪುಣೆ ಸುತ್ತ ಕಟ್ಟಡ ಕೆಲಸ ಮಾಡಿಕೊಂಡಿರುವವ. ನಾನು ಮರಾಠಿಯಲ್ಲಿ ಶುರುಮಾಡಿದ ಮಾತಿಗೆ ಅವನು ಕನ್ನಡದಲ್ಲಿ ಉತ್ತರ ಕೊಟ್ಟ. ಕರಣಿಯ ಹಿಡಿಯಿಂದ ಒಂದೊಂದೇ ಕಲ್ಲನ್ನು ತಟ್ಟುತ್ತ ಹೊಸ್ತಿಲತನಕ ಹೋಗಿ, ತಿರುಗಿ ಬಂದ. “ಕಾಕಾ, ಕಲ್ಲಿಗೇನಾಗ್ಯದ? ಮಣ್ಣು ಕೆಟ್ಟದ. ಇವಕ್ಕ ಮಗ್ಗಲು ಬದಲಿ ಮಾಡಿದ್ರ ಇನ್ನೊಂದು ಜನ್ಮ ಬರ್ತದ.”

ನನ್ನಂಥ ಕಲ್ಲುಹುಚ್ಚಿನವನಿಗೆ ಇದು ಹೊಳೆದಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು. ದೌಂಡದಲ್ಲಿ ಇದ್ದುಕೊಂಡು! ಪುಣೆಯಿಂದ ಮನಮಾಡದ ಕಡೆ ಹೋಗುವ ಗಾಡಿಗಳು ಎಂಜಿನ್ ಬಿಚ್ಚಿ, ಹಿಂದಿನದು ಮುಂದಾಗಿ ಹೊರಡುವುದನ್ನು ನೋಡುತ್ತಲೇ ಬೆಳೆದ ಊರಿದು. ಈಗ ಕಾರ್ಡ್ ಲೈನ್ ಆಗಿ ಎಷ್ಟೋ ಗಾಡಿಗಳಿಗೆ ಆ ಕಷ್ಟವಿಲ್ಲ. ಚಹಾ ಮಾರುವವರಿಗೆ ಮಾತ್ರ ನಷ್ಟ.

ಕಲ್ಲು ಎಬ್ಬಿಸಿದಾಗ ಕಂಡದ್ದು ಇಷ್ಟು. ಹಳೆಯ ಕೆಲಸದವರು ಎರೆಮಣ್ಣಿನ ಮೇಲೆ ನಾಲ್ಕು ಬೆರಳು ಉಸುಕು ಹರವಿ, ಕಲ್ಲಿಗೆ ಐದೈದು ಮುದ್ದೆ ಸಿಮೆಂಟ್ ಗಾರೆ ಇಟ್ಟು ಕೂರಿಸಿದ್ದರು: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಬೇಗ ಮಟ್ಟಕ್ಕೆ ಬರುತ್ತದೆ, ಅದಕ್ಕೇ ಗೌಂಡಿಗಳಿಗೆ ಈ ಪದ್ಧತಿ ಪ್ರೀತಿ. ಆದರೆ ಮುದ್ದೆ ಮುದ್ದೆಯ ನಡುವೆ ಪೊಳ್ಳು. ಅಲ್ಲಿ ನೀರು, ಇರುವೆ, ಕೊನೆಗೆ ಬಿರುಕು. ಎರೆಮಣ್ಣಿನ ಗುಣ ಬೇರೆ ಹೇಳಬೇಕೆ? ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮಳೆನೆರಳಿನ ಈ ಸೀಮೆಯಲ್ಲಿ ಎರಡೂ ಆಟ ಒಂದೇ ವರ್ಷದಲ್ಲಿ ಮುಗಿಯುತ್ತವೆ. ಕಬ್ಬಿಗೆ ಬಂಗಾರದಂಥ ಮಣ್ಣು, ಹಾಸುಗಲ್ಲಿಗೆ ಮಲತಾಯಿ.

ಹಾಗಾಗಿ ಮಣ್ಣು ತೆಗೆಸುವುದೇ ಮುಖ್ಯ ಕೆಲಸವಾಯಿತು. ಎರಡೂ ಬದಿ ಅರ್ಧರ್ಧ ಅಡಿ ಹೆಚ್ಚಿಗೆ ಹಿಡಿದು 22 ಅಡಿ ಉದ್ದ, 5 ಅಡಿ ಅಗಲ, ಒಂದಡಿ ಆಳ. ಲೆಕ್ಕಕ್ಕೆ 110 ಘನ ಅಡಿ. ನಮ್ಮ ಕಡೆ ಮುರುಮ್, ಖಡಿ, ಉಸುಕು ಎಲ್ಲ ಬ್ರಾಸ್ ಲೆಕ್ಕದಲ್ಲಿ ಬರುತ್ತದೆ, ಒಂದು ಬ್ರಾಸ್ ಅಂದರೆ 100 ಘನ ಅಡಿ. ಒಂದು ಬ್ರಾಸ್ ಮುರುಮ್ ಸಾಕು ಅಂತ ನಾನು, ಸಾಲದು ಅಂತ ಗೌಂಡಿ. ಮೂರು ಮೂರು ಇಂಚು ಹರವಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದಂತೆಲ್ಲ ಅದು ಐದರಲ್ಲಿ ಒಂದು ಪಾಲು ಕುಗ್ಗಿತು. ಮತ್ತೆ ಅರ್ಧ ಬ್ರಾಸ್ ತರಿಸಿದೆ. ಟ್ರ್ಯಾಕ್ಟರ್ ಬಾಡಿಗೆ ಎರಡು ಸಲ ಕೊಟ್ಟೆ. ಗೌಂಡಿ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದ.

ಮುರುಮಿನ ಮೇಲೆ ಒಂದಿಂಚು ಕ್ರಶರ್ ಪುಡಿ. ನದಿಯ ಉಸುಕಿಗೆ ಈಗ ಭೀಮೆಯನ್ನು ಕೇಳುವ ಮುಖ ನಮಗಿಲ್ಲ, ಅಷ್ಟು ಬಗೆದಾಗಿದೆ. ಸಿಮೆಂಟ್ ಬೇಡವೇ ಬೇಡ ಅಂದೆ. ಹಿಗ್ಗಿ ಕುಗ್ಗುವ ನೆಲದ ಮೇಲೆ ಸಿಮೆಂಟಿನ ಬಿಗಿಹಾಸು ಒಂದು ಕಡೆ ಸೀಳಿದರೆ ಪೂರ್ತಿ ಒಡೆಯಬೇಕು. ಪುಡಿಯ ಮೇಲೆ ಕೂತ ಕಲ್ಲು ಕುಸಿದರೆ ಅದೊಂದನ್ನೇ ಎಬ್ಬಿಸಿ, ಎರಡು ಹಿಡಿ ಪುಡಿ ಹಾಕಿ ಮತ್ತೆ ಮಲಗಿಸಬಹುದು. ನಳದ ಪೈಪು ಅಡಿಯಲ್ಲೇ ಹೋಗಿರುವ ಅಂಗಳದಲ್ಲಿ ಇದು ಸಣ್ಣ ಅನುಕೂಲವಲ್ಲ.

ಕಲ್ಲು ಮಗುಚುವ ದಿನ ನಾನು ಊಟಕ್ಕೂ ಏಳಲಿಲ್ಲ. ಒಂದೊಂದೂ ಹತ್ತಿರ ಹತ್ತಿರ 37 ಕಿಲೋ. ಇಬ್ಬರು ಹಿಡಿದು ಅಂಚಿನ ಮೇಲೆ ನಿಲ್ಲಿಸುತ್ತಾರೆ, ಗೌಂಡಿ ಚಾಣ ಹಿಡಿದು ಅಂಟಿದ ಗಾರೆಯನ್ನು ಸಣ್ಣ ಏಟಿನಲ್ಲಿ ಬಿಡಿಸುತ್ತಾನೆ. ಜೋರು ಹೊಡೆದರೆ ಗಾರೆಯ ಜೊತೆ ಪದರವೂ ಬರುತ್ತದೆ. ನೀರು ಸುರಿದು ತೆಂಗಿನ ನಾರಿನಲ್ಲಿ ತಿಕ್ಕಿದಾಗ ಕಂಡದ್ದು ಗಣಿಯಿಂದ ಬಂದ ದಿನದ ಬಣ್ಣ: ಮೋಡದ ಬೂದು, ಅದರೊಳಗೆ ತುಸು ನೀಲಿ, ಅಲ್ಲಲ್ಲಿ ಹಳದಿಯ ಬಳ್ಳಿ. ಮೇಲುಮೈ ಇಷ್ಟು ವರ್ಷ ಬಿಸಿಲಲ್ಲಿ ಬೆಳ್ಳಗಾಗಿ ಬೂದಿ ಬಳಿದಂತಿತ್ತು. 22ರಲ್ಲಿ 17 ಹೊಸ ಮಗ್ಗಲಿಗೆ ಹೊರಳಿದವು, 4 ಕೈಯಲ್ಲೇ ಹೋದವು. ಅವುಗಳ ತುಂಡು ಅಂಚುಕಟ್ಟೆಗೆ ಆಯಿತು. ಅಂಗಡಿಯಲ್ಲಿ ಈಗ ಸಿಗುವುದು ಮಷಿನ್ ಕೊಯ್ದ ಒಂದಿಂಚಿನದು, ನಮ್ಮದರ ಪಕ್ಕ ಹಾಕಿದರೆ ಕಟ್ಟಿಸಿದ ಹಲ್ಲಿನಂತೆ ಕಾಣುತ್ತದೆ. ಕೆಡವುತ್ತಿದ್ದ ಒಂದು ಹಳೆಯ ವಾಡೆಯ ಹಿತ್ತಲಿಂದ ನಾಲ್ಕು ತಂದೆವು.

22ನೆಯದು? ಅದು ತುಳಸಿಕಟ್ಟೆಯ ಮುಂದಿನದು, ಅದನ್ನು ಕೆಡಿಸಿದ್ದು ನಾನೇ. ಒಂದು ದೀಪಾವಳಿಯ ಹಿಂದಿನ ದಿನ ಪಾಚಿ ಹೋಗಲಿ ಅಂತ ಬಚ್ಚಲು ತೊಳೆಯುವ ಆ್ಯಸಿಡ್ ಸುರಿದಿದ್ದೆ. ಸುಣ್ಣಗಲ್ಲಿಗೆ ಆ್ಯಸಿಡ್ ತಾಕಿದರೆ ಏನಾಗುತ್ತದೆ ಅನ್ನುವುದು ಶಾಲೆಯ ಪಾಠ. ಬುಸ್ ಅಂತ ನೊರೆ ಬಂದಾಗ ಕೊಳೆ ಹೋಗುತ್ತಿದೆ ಅಂತ ಹಿಗ್ಗಿದೆ. ಹೋದದ್ದು ಕಲ್ಲು. ಬೊಗಸೆಯಷ್ಟು ತಗ್ಗು ಬಿತ್ತು. ಶಹಾಬಾದ ಕಲ್ಲಿಗೆ ನಿಂಬೆ, ಹುಣಸೆಯೂ ಆಗದು. ಸೋಪಿನ ನೀರು, ಕಡ್ಡಿಪೊರಕೆ ಸಾಕು. ಆ ತಗ್ಗಿನಲ್ಲಿ ತುಳಸಿಗೆ ಎರೆದ ನೀರು ನಿಲ್ಲುತ್ತದೆ, ಗುಬ್ಬಿ ಬರುತ್ತವೆ, ಮಗುಚಬೇಡಿ ಅಂತ ಮನೆಯ ಆಜ್ಞೆ. ಮಗುಚಲಿಲ್ಲ.

ಇಳಿಜಾರಿನ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ಅಡಿಗೆ ಕಾಲಿಂಚು, ಮನೆಯಿಂದ ಆಚೆಗೆ. ಹಳೆಯ ಹಾಸು ಗೇಟಿನಿಂದ ಮನೆಯ ಕಡೆಗೇ ವಾಲಿತ್ತು, ಪಾಯಕ್ಕೆ ಅಷ್ಟು ವರ್ಷ ನೀರುಣಿಸಿದ್ದೆವು. ಆದರೆ 22 ಅಡಿಗೂ ಉದ್ದಕ್ಕೆ ಇಳಿಸಿದರೆ ಐದೂವರೆ ಇಂಚು, ಗೇಟಿನ ಬಳಿ ಹೊಂಡ. ಅದಕ್ಕೇ ಅಡ್ಡಕ್ಕೆ ಇಳಿಸಿದೆವು, 4 ಅಡಿಗೆ ಒಂದೇ ಇಂಚು, ನೀರು ಪಾರಿಜಾತದ ಪಾತಿಗೆ.

ಹಾಸುಗಲ್ಲಿನ ಬಗ್ಗೆ ಜಪಾನಿನ ಚಹಾತೋಟಗಳಲ್ಲಿ ಒಂದು ಹಳೆಯ ತಕರಾರಿದೆಯಂತೆ. 16ನೇ ಶತಮಾನದ ಚಹಾಗುರು ಸೆನ್ ನೊ ರಿಕ್ಯು ನಡೆಯುವ ಸುಖಕ್ಕೆ ಆರು ಪಾಲು, ನೋಟಕ್ಕೆ ನಾಲ್ಕು ಪಾಲು ಅಂದ. ಅವನ ಶಿಷ್ಯ ಫುರುತಾ ಒರಿಬೆ ನೋಟಕ್ಕೇ ಆರು ಅಂದ. ನಾನು ರಿಕ್ಯುವಿನ ಪಕ್ಷ. ಆದರೂ ಪಾರಿಜಾತದ ಬೇರು ಎತ್ತಿದ್ದ ಜಾಗದಲ್ಲಿ ಬೇರು ಕಡಿಯದೆ ಕಲ್ಲಿನ ಮೂಲೆಯನ್ನೇ ಕೊಯ್ಸಿದಾಗ ಒರಿಬೆಗೂ ಒಂದು ಪಾಲು ಕೊಟ್ಟಂತಾಯಿತು. ಆ ಮೂಲೆಯಲ್ಲಿ ಈಗ ಹೂ ಬೀಳುತ್ತದೆ.

ಸಂದುಗಳಿಗೆ ಪುಡಿ ಗುಡಿಸಿ, ನೀರು ಹೊಡೆದು, ಮತ್ತೆ ಗುಡಿಸಿ ಎಂಟು ದಿನ ಬಿಟ್ಟೆವು. ಮೊನ್ನೆ ಸಿಲಿಂಡರ್ ಬಂತು. ನಾನು ಪೇಪರ್ ಮಡಚಿ ಕಿವಿಗೊಟ್ಟು ಕೂತೆ. ಗೇಟು, ಪಾರಿಜಾತ, ತುಳಸಿ, ಎಲ್ಲ ಕಡೆ ಗರ್ರ್. ಹೊಸ್ತಿಲಿಗೆ ಎರಡೇ ಕಲ್ಲು ಉಳಿದಾಗ, ಡಬ್. ವಾಡೆಯಿಂದ ತಂದದ್ದು ಅದು, ಉಳಿದವಕ್ಕಿಂತ ಕಾಲಿಂಚು ತೆಳು. ಈ ಭಾನುವಾರ ಎಬ್ಬಿಸಬೇಕು. ಪುಡಿ ಅರ್ಧ ಬುಟ್ಟಿ ಇನ್ನೂ ಉಳಿದಿದೆ.