ಚಿನ್ನಸ್ವಾಮಿ ಊರೊಳಗೇ ಇರಲಿ

ಐಪಿಎಲ್ ಪಂದ್ಯದ ಸಂಜೆ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಬಂದವರಿಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದೊಳಗೆ ಕಾಲಿಡುವ ಮೊದಲೇ ಪಂದ್ಯದ ರುಚಿ ಹತ್ತುತ್ತದೆ. ಫುಟ್‌ಪಾತಿನ ತುಂಬ ಕೆಂಪು ಜೆರ್ಸಿಗಳ ರಾಶಿ. ಪುಟ್ಟ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ನಿಂತಿರುತ್ತಾಳೆ; ಬಣ್ಣದವನು ಅವಳ ಗಲ್ಲ ಹಿಡಿದು ಕೆನ್ನೆಯ ಮೇಲೆ ತಂಡದ ಹೆಸರು ಬರೆಯುತ್ತಾನೆ. ಮುಗಿದ ಕೂಡಲೇ ಅಪ್ಪ ಮೊಬೈಲನ್ನೇ ಕನ್ನಡಿ ಮಾಡಿ ಮಗಳ ಮುಂದೆ ಹಿಡಿಯುತ್ತಾನೆ. ಕ್ರೀಡಾಂಗಣ ಊರ ನಡುವೆ ಇರುವುದರಿಂದಲೇ ಸಿಗುವ ಸಂಭ್ರಮ ಇದು.

ಇದೇ ಕ್ರೀಡಾಂಗಣದ ಗೇಟುಗಳ ಮುಂದೆ 2025ರ ಜೂನ್ 4ರಂದು ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ದೊಡ್ಡ ಜನಸಂದಣಿಗೆ ಈ ಜಾಗ ಸುರಕ್ಷಿತವಲ್ಲ ಎಂದು ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಕುನ್ಹಾ ಆಯೋಗ ಹೇಳಿತು. ಇಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈ ಪಾಲಾದವು. ಕ್ರೀಡಾಂಗಣವನ್ನೇ ಊರಾಚೆಗೆ ಒಯ್ಯಬೇಕೆಂಬ ಮಾತೂ ಜೋರಾಯಿತು.

ಆ ಮಾತನ್ನು ನಾನು ಒಪ್ಪುವುದಿಲ್ಲ. ಊರಾಚೆಯ ಕ್ರೀಡಾಂಗಣಕ್ಕೆ ಜನ ಕಾರು, ಬೈಕುಗಳಲ್ಲೇ ಹೋಗಬೇಕಾಗುತ್ತದೆ. ಪಂದ್ಯ ಮುಗಿದ ಮೇಲೆ ಅಪರಾತ್ರಿಯಲ್ಲಿ ಮನೆ ಸೇರುವುದು ಇನ್ನೊಂದು ಪಾಡು. ಇಲ್ಲಿ ಮೆಟ್ರೊ ಬಾಗಿಲಲ್ಲೇ ಇದೆ. ತಪ್ಪಿರುವುದು ಜಾಗದಲ್ಲಲ್ಲ, ಅಂಚಿನಲ್ಲಿ. ಗೇಟು ದಾಟಿದರೆ ಫುಟ್‌ಪಾತು, ಅದನ್ನಿಳಿದರೆ ವಾಹನಗಳ ರಸ್ತೆ. ಸಾವಿರಾರು ಜನ ನಿಂತು ಉಸಿರಾಡಲು ನಡುವೆ ಒಂದು ಅಂಗಳವಿಲ್ಲ. ಇಲ್ಲಿ ಮೊದಲ ಟೆಸ್ಟ್ ನಡೆದ 1974ರ ಕಾಲಕ್ಕೆ ಆ ಅಗತ್ಯ ತೋಚಿರಲಿಕ್ಕಿಲ್ಲ. ಆದರೆ ಆಮೇಲೂ ಕಾಳಜಿಯೆಲ್ಲ ಒಳಗೇ ಉಳಿಯಿತು. ಮಳೆನೀರನ್ನು ಹೀರಿ ಮೈದಾನವನ್ನು ಬೇಗ ಒಣಗಿಸುವ ಸಬ್‌ಏರ್ ವ್ಯವಸ್ಥೆ 2017ರಲ್ಲೇ ಬಂತು. ಹುಲ್ಲಿನಡಿಯ ನೀರು ಹರಿದುಹೋಗಲು ತೋರಿದಷ್ಟು ಜಾಣ್ಮೆಯನ್ನು ಗೇಟಿನ ಹೊರಗಿನ ಮನುಷ್ಯರ ವಿಷಯದಲ್ಲಿ ಯಾರೂ ತೋರಲಿಲ್ಲ. ನನ್ನ ದೊಡ್ಡ ತಕರಾರು ಇದೇ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2012ರಲ್ಲಿ ತೆರೆದ ಬಾರ್ಕ್ಲೇಸ್ ಸೆಂಟರ್ ಕ್ರೀಡಾಂಗಣ ಕೂಡ ಕಿಕ್ಕಿರಿದ ಬೀದಿಗಳ ನಡುವೆಯೇ ಇದೆ. ಅದರ ಮುಂದೆ ಬಯಲು ಬಿಟ್ಟು, ಸುರಂಗ ರೈಲಿನ ಬಾಗಿಲನ್ನು ಅಲ್ಲಿಗೇ ತೆರೆದಿದ್ದಾರೆ. ಪಂದ್ಯವಿಲ್ಲದ ದಿನವೂ ಜನ ಅಲ್ಲಿ ಓಡಾಡುತ್ತಾರೆ, ಕೂರುತ್ತಾರೆ. ನಮ್ಮಲ್ಲಿ ಪಂದ್ಯವಿಲ್ಲದ ದಿನ ಕ್ರೀಡಾಂಗಣದ ಪಕ್ಕದ ಕ್ವೀನ್ಸ್ ರಸ್ತೆಯಲ್ಲಿ ನಡೆದರೆ ಜೊತೆಗಿರುವುದು ಗೋಡೆ ಮಾತ್ರ.

ಸಾಧ್ಯವಿದ್ದಲ್ಲೆಲ್ಲ ಆ ಗೋಡೆಯನ್ನು ಒಳಕ್ಕೆ ಸರಿಸಿ, ನೆರಳು, ಕಲ್ಲುಬೆಂಚು, ರಸ್ತೆಗೆ ಮುಖಮಾಡಿದ ಸಣ್ಣ ಅಂಗಡಿಗಳಿಗೆ ಜಾಗ ಕೊಡಿ. ಪಂದ್ಯದ ಸಂಜೆ ಸುತ್ತಲ ರಸ್ತೆಗಳನ್ನು ನಡೆಯುವವರಿಗೆ ಬಿಟ್ಟುಕೊಡಿ. ಕ್ರೀಡಾಂಗಣವನ್ನು ಊರಾಚೆಗೆ ಕಳಿಸುವ ಮೊದಲು ಇಷ್ಟನ್ನಾದರೂ ಮಾಡಿ ನೋಡಿ.