ನೆಗ್ಗು ಎಲ್ಲಿ ಹೋಯಿತು?

ರಾತ್ರಿ ಹನ್ನೊಂದರ ಮೇಲೆ, ಲ್ಯಾಪ್‌ಟಾಪ್ ಮುಚ್ಚಿದರೂ ನಿದ್ದೆ ಬಾರದವರು ನೋಡುವ ಒಂದು ಜಾತಿಯ ವಿಡಿಯೋಗಳಿವೆ. ನೀವೂ ನೋಡಿರ್ತೀರಿ. ಯಾವುದೋ ಗೋಡೌನಿನ ಮೂಲೆಯಲ್ಲಿ ತುಕ್ಕು ಹಿಡಿದ ಹಳೇ ಸೈಕಲ್ಲು. ಎರಡು ಕೈ ಬರುತ್ತವೆ, ಮುಖ ಕಾಣಲ್ಲ, ಮಾತಿಲ್ಲ. ಬೋಲ್ಟು ಬಿಚ್ಚುವ ಕಿರ್ ಅನ್ನೋ ಸದ್ದು, ಉಪ್ಪುಕಾಗದ ಉಜ್ಜುವ ಸದ್ದು, ಆಮೇಲೆ ಬಣ್ಣ ಸ್ಪ್ರೇ ಮಾಡುವ ಸದ್ದು. ಇಪ್ಪತ್ತು ನಿಮಿಷದ ಕೊನೆಗೆ ಬಿಳಿ ಗೋಡೆಯ ಮುಂದೆ ಒಂದು ಸೈಕಲ್ಲು ಮದುಮಗನ ಹಾಗೆ ನಿಂತಿರುತ್ತೆ. ವಿಡಿಯೋ ಮುಗೀತು.

ಇಂಥವನ್ನು ನಾನು ನೂರಾದರೂ ನೋಡಿದ್ದೇನೆ. ಈ ಬರಹ ಅವುಗಳ ಮೇಲೆ ನನ್ನದೊಂದು ತಕರಾರು. ಒಂದು ಒಳ್ಳೇ ಸೈಕಲ್ಲನ್ನು ಕೈಯಾರೆ ಕೆಡಿಸಿ ಆಮೇಲೆ ತಕರಾರು ಹೇಳೋಕೆ ಬಂದಿದ್ದೇನೆ ಅನ್ನೋದನ್ನು ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಸೈಕಲ್ಲು ಅಪ್ಪನದು. ದಾವಣಗೆರೆಯಲ್ಲಿ ಅವರು ಒಂದು ಹತ್ತಿಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿ ಮುಚ್ಚುವವರೆಗೂ ಪಾಳಿಗೆ ಹೋಗಿ ಬಂದದ್ದು ಇದರಲ್ಲೇ. ಆಮೇಲೆ ಅದು ಹಿತ್ತಿಲ ಸೀಟಿನ ಮಾಡಿನಡಿ ಹದಿನೈದು ವರ್ಷ ನಿಂತಿತ್ತು. ನಾನು ಒಳಪೆಡಲ್ ಕಲಿತದ್ದೂ ಅದರಲ್ಲೇ. ಬೆಂಗಳೂರಲ್ಲಿ ಜೆ.ಪಿ. ನಗರದಿಂದ ಕೋರಮಂಗಲದ ಆಫೀಸಿಗೆ ಎಂಟು ಕಿಲೋಮೀಟರ್ ದಾರಿಗೆ ಕಾರಲ್ಲಿ ಒಂದು ಗಂಟೆ ಕೂತು ಕೂತು ಬೇಸತ್ತ ಒಂದು ದಿನ ಅದರ ನೆನಪಾಯ್ತು. ರೈಲಿನ ಪಾರ್ಸೆಲ್‌ನಲ್ಲಿ ತರಿಸಿದೆ.

ತರಿಸಿ ಏನು ಮಾಡಿದೆ? ವಿಡಿಯೋದಲ್ಲಿ ಕಂಡದ್ದನ್ನೇ ಮಾಡಿದೆ. ಎರಡೂ ಮಡ್‌ಗಾರ್ಡ್ ತೆಗೆಸಿದೆ. ಚೈನ್ ಕವರ್, ಕ್ಯಾರಿಯರ್, ಸ್ಟ್ಯಾಂಡು, ಡೈನಮೋ ಎಲ್ಲಾ ಹೋಯ್ತು. ಬಾರಿನ ಕೆಳಗೆ ಹೆಬ್ಬೆರಳು ಕೂರುವಷ್ಟು ಒಂದು ನೆಗ್ಗು ಇತ್ತು, ಅದಕ್ಕೆ ಪುಟ್ಟಿ ತುಂಬಿಸಿದೆ. ಕರಿ ಬಣ್ಣ ಕೆರೆಸಿ ಹೊಳಪಿಲ್ಲದ ಆಲಿವ್ ಹಸಿರು ಹೊಡೆಸಿದೆ. ಕಂದು ಚರ್ಮದ ಸೀಟು, ಅದಕ್ಕೆ ಜೋಡಿಯಾಗಿ ಕಂದು ಹಿಡಿ. ಹದಿನಾಲ್ಕು ಸಾವಿರ ರೂಪಾಯಿ ಆಯ್ತು. ಬಿಳಿ ಗೋಡೆ ಹುಡುಕಿ ಫೋಟೋ ತೆಗೆದೆ. ಆಫೀಸಿನಲ್ಲಿ ಎಲ್ಲರೂ ಹೊಗಳಿದರು. ಒಬ್ಬಳು ತನ್ನ ಕೆಫೆಯ ಗೋಡೆಗೆ ನೇತುಹಾಕೋಕೆ ಕೊಡ್ತೀಯಾ ಅಂತ ಕೇಳಿದಳು. ಆವತ್ತು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಜೂನ್ ಬಂತು. ಮೊದಲ ಮಳೆಯಲ್ಲೇ ಹಿಂದಿನ ಚಕ್ರ ನನ್ನ ಬೆನ್ನ ಮೇಲೆ ಕೆಸರಿನ ಗೆರೆ ಎಳೆಯಿತು. ಪ್ಯಾಂಟಿನ ಬಲಗಾಲು ಚೈನಿಗೆ ಸಿಕ್ಕಿ ಹರಿಯಿತು. ಕ್ಯಾರಿಯರ್ ಇಲ್ಲದ್ದಕ್ಕೆ ಬ್ಯಾಗು ಬೆನ್ನ ಮೇಲೆ, ಬ್ಯಾಗಿನಡಿ ಬೆವರು. ಸ್ಟ್ಯಾಂಡ್ ಇಲ್ಲದ್ದಕ್ಕೆ ಹೋದಲ್ಲೆಲ್ಲಾ ಒರಗಿಸೋಕೆ ಗೋಡೆ ಹುಡುಕಬೇಕು. ಎರಡನೇ ವಾರ ಡೈರಿ ಸರ್ಕಲ್ ಫ್ಲೈಓವರ್ ಇಳಿಯುವಾಗ ಬ್ರೇಕ್ ಹಿಡಿದೆ, ಸೈಕಲ್ಲು ನಿಲ್ಲಲಿಲ್ಲ. ಎರಡೂ ಬ್ರೇಕು ಪೂರ್ತಿ ಎಳೆದಿದ್ದರೂ ಜಾರಿಕೊಂಡು ಹೋಗಿ ಆಟೋವೊಂದರ ಹಿಂಬದಿಗೆ ಗುದ್ದಿದೆ. ಮೊಣಕಾಲು ಸುಲಿಯಿತು, ಅಷ್ಟೇ. ಆಟೋದವರು ಇಳಿದು ಬಂದು ನನ್ನ ನೋಡಿ, ಸೈಕಲ್ ನೋಡಿ, "ಶೋಕಿಗೆ ಇಟ್ಕೊಂಡಿದೀರಾ ಸಾರ್?" ಅಂದರು. ಸೈಕಲ್ಲಿನ ಬಗ್ಗೆ ಅದಕ್ಕಿಂತ ಒಳ್ಳೇ ವಿಮರ್ಶೆ ನಾನಿನ್ನೂ ಕೇಳಿಲ್ಲ.

ಈಗ ತಕರಾರಿಗೆ ಬರ್ತೀನಿ. ಆ ವಿಡಿಯೋಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಬೇರಿಂಗಿಗೆ ಗ್ರೀಸ್ ಹಚ್ಚೋದು, ಚಕ್ರದ ಬೆಂಡ್ ತೆಗೆಯೋದು ಎಲ್ಲಾ ತೋರಿಸ್ತಾರೆ. ಆದರೆ ಸೈಕಲ್ಲು ಯಾರದು, ನಾಳೆ ಎಲ್ಲಿಗೆ ಹೋಗಬೇಕು, ಎಷ್ಟು ಭಾರ ಹೊರಬೇಕು ಅನ್ನೋ ಪ್ರಶ್ನೆ ಅಲ್ಲಿ ಏಳೋದೇ ಇಲ್ಲ. ಬಣ್ಣ ಒಣಗಿದ ಕ್ಷಣಕ್ಕೆ ಕತೆ ಮುಗಿಯುತ್ತೆ. ದಿನಾ ಓಡಾಡುವವರಿಗೆ ಅಸಲಿ ಕತೆ ಶುರುವಾಗೋದೇ ಅಲ್ಲಿಂದ. ನೂರನೇ ದಿನದ ಮಳೆಯಲ್ಲಿ ಆ ಸೈಕಲ್ಲು ಹೇಗಿತ್ತು ಅಂತ ತೋರಿಸಿದ ಒಂದು ವಿಡಿಯೋವನ್ನೂ ನಾನು ನೋಡಿಲ್ಲ.

ಇನ್ನೊಂದು ತೊಂದರೆ, ಅವು ನಮ್ಮ ಕಣ್ಣನ್ನು ಒಂದು ತರ ಪಳಗಿಸಿಬಿಡುತ್ತವೆ. ಏನು ತೆಗೆದರೆ ಚೆಂದ ಅನ್ನೋದನ್ನು ಕಲಿಸ್ತವೆ, ಅದು ಅಲ್ಲಿ ಯಾಕಿತ್ತು ಅಂತ ಕೇಳೋದನ್ನು ಮರೆಸ್ತವೆ. ನಮ್ಮ ಕರಿ ಸೈಕಲ್ಲಿನ ಮೂಲ 20ನೇ ಶತಮಾನದ ಆರಂಭದ ಇಂಗ್ಲಿಷ್ ರೋಡ್‌ಸ್ಟರ್. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಸೈಕಲ್ಸ್ ಶುರುವಾದವು. ಹಾಲಿನವರು, ಪೋಸ್ಟಿನವರು, ಮೇಷ್ಟ್ರು, ಗಿರಣಿ ಕಾರ್ಮಿಕರು ಎಲ್ಲರೂ ತುಳಿದದ್ದು ಹೆಚ್ಚುಕಮ್ಮಿ ಒಂದೇ ನಕ್ಷೆಯ ಸೈಕಲ್ಲನ್ನು. ಪಂಚೆ ಉಟ್ಟವರೂ ತುಳಿಯಲಿ ಅಂತ ಚೈನಿಗೆ ಪೂರ್ತಿ ಕವರ್. ಮಳೆಗೆ ಅಗಲ ಮಡ್‌ಗಾರ್ಡ್. ಗುಂಡಿ ಬಿದ್ದ ರಸ್ತೆಯಲ್ಲಿ ಸೊಂಟ ಉಳಿಯಲಿ ಅಂತ ಉದ್ದ ಫ್ರೇಮು, ಹಿಂದಕ್ಕೆ ವಾಲಿದ ಫೋರ್ಕು, 28 ಇಂಚಿನ ಚಕ್ರ, ಸ್ಪ್ರಿಂಗ್ ಸೀಟು. ಕಡ್ಡಿ ಎಣಿಸಿ ನೋಡಿ: ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಭಾರವೆಲ್ಲಾ ಹಿಂದೆ ಕೂರುತ್ತೆ ಅಂತ ಲೆಕ್ಕ ಹಾಕಿಯೇ ಮಾಡಿದ್ದು. ನಾನು ಹಳೇ ಸೈಕಲ್ಲನ್ನು ಆಫೀಸಿಗೆ ಹೋಗುವ ಸೈಕಲ್ಲಾಗಿ ಬದಲಾಯಿಸ್ತೀನಿ ಅಂತ ಹೊರಟಿದ್ದೆ. ಅದು ಮೊದಲಿನಿಂದಲೂ ಕೆಲಸಕ್ಕೆ ಹೋಗುವ ಸೈಕಲ್ಲೇ ಆಗಿತ್ತು. ಅದನ್ನು ಕೆಲಸದಿಂದ ತೆಗೆದವನು ನಾನು.

ಹಾಗಂತ ಹಳೇದೆಲ್ಲಾ ಬಂಗಾರ ಅನ್ನೋರ ಕಡೆಗೂ ನಾನಿಲ್ಲ. ಆ ಸೈಕಲ್ಲಿಗೆ ನಿಜವಾಗಿ ಎರಡು ದೋಷಗಳಿವೆ, ನಾನು ಮುಟ್ಟದೆ ಬಿಟ್ಟದ್ದು ಅವೆರಡನ್ನೇ. ಒಂದು ಬ್ರೇಕು. ರಾಡ್ ಬ್ರೇಕಿನಲ್ಲಿ ಕಬ್ಬಿಣದ ಸರಳುಗಳು ಎರಡು ರಬ್ಬರ್ ತುಂಡುಗಳನ್ನು ಎಳೆದು ರಿಮ್ಮಿನ ಒಳಮೈಗೆ ಒತ್ತುತ್ತವೆ. ಕೇಬಲ್ ಇಲ್ಲ, ತುಂಡಾಗುವ ಭಯ ಇಲ್ಲ. ಒಣ ರಸ್ತೆಗೆ ಸಾಕು. ಆದರೆ ಕ್ರೋಮ್ ಹಾಕಿದ ಸ್ಟೀಲ್ ರಿಮ್ಮು ನೆಂದರೆ ರಬ್ಬರಿಗೆ ಹಿಡಿತವೇ ಸಿಗಲ್ಲ. ಎತ್ತಿನಗಾಡಿ, ಸೈಕಲ್ಲು, ಆಗೊಂದು ಈಗೊಂದು ಬಸ್ಸು ಇದ್ದ ರಸ್ತೆಯಲ್ಲಿ ಕಾಲು ಊರಿ ನಿಲ್ಲಿಸಬಹುದಿತ್ತು. ಹೊಸೂರು ರಸ್ತೆಯಲ್ಲಿ ಆಗಲ್ಲ.

ಎರಡನೇದು ಗೇರು. ನನ್ನದರಲ್ಲಿ ಮುಂದೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಒಂದು ಸುತ್ತು ತುಳಿದರೆ ಸುಮಾರು 5.4 ಮೀಟರ್ ಹೋಗುತ್ತೆ. ಬಯಲಲ್ಲಿ ಹಾಯಾಗಿರುತ್ತೆ. 20 ಕಿಲೋ ಹತ್ತಿರ ತೂಗುವ ಸೈಕಲ್ಲನ್ನು ಆ ಲೆಕ್ಕದಲ್ಲಿ ಬೆಂಗಳೂರಿನ ಏರುಗಳಲ್ಲಿ ತುಳಿದು ನೋಡಿ, ಮೊಣಕಾಲು ಮಾತಾಡುತ್ತೆ. ಇವೆರಡೂ ಫೋಟೋದಲ್ಲಿ ಕಾಣುವಂಥವಲ್ಲ. ಹಾಗಾಗಿ ನನಗೂ ಕಂಡಿರಲಿಲ್ಲ.

ಆ ಆಗಸ್ಟಿನಲ್ಲಿ ಅಪ್ಪ ಬಂದರು. ಪಾರ್ಕಿಂಗಿಗೆ ಕರ್ಕೊಂಡು ಹೋಗಿ ತೋರಿಸಿದೆ. ಸುತ್ತ ಒಂದು ಸಲ ನಡೆದರು. ಆಮೇಲೆ ಬಾರಿನ ಕೆಳಗೆ ಕೈ ಹಾಕಿ, ನೋಡದೇನೇ, ಬೆರಳಲ್ಲಿ ಹಿಂದೆ ಮುಂದೆ ತಡವಿದರು.

"ಇಲ್ಲೊಂದು ನೆಗ್ಗು ಇತ್ತಲ್ಲೋ, ಎಲ್ಲಿ ಹೋತು?"

"ಪುಟ್ಟಿ ಹಾಕಿ ಮುಚ್ಚಿಸಿದೆ ಅಪ್ಪ."

"ಹೂಂ. ಚೆನ್ನಾಗಿ ಮಾಡಿಸೀಯ" ಅಂದು ಲಿಫ್ಟ್ ಕಡೆ ಹೊರಟರು. ಹತ್ತಿ ನೋಡಲಿಲ್ಲ. ನಾನೂ ಹತ್ತಿ ನೋಡಿ ಅನ್ನಲಿಲ್ಲ.

ಊಟಕ್ಕೆ ಕೂತಾಗ ಕೇಳಿದೆ, ಆ ನೆಗ್ಗಿನ ಕತೆ ಏನು ಅಂತ. ಕತೆ ಗಿತೆ ಏನಿಲ್ಲ, ಕೊಂಡ ಹೊಸದರಲ್ಲಿ ಕಲ್ಲುಕಂಬಕ್ಕೆ ಬಡಿದದ್ದು ಅಂದರು. ಗಿರಣಿಯ ಸ್ಟ್ಯಾಂಡಿನಲ್ಲಿ ನೂರಾರು ಸೈಕಲ್ಲು, ಎಲ್ಲಾ ಕರಿ, ಎಲ್ಲಾ ಒಂದೇ ತರ. ರಾತ್ರಿ ಪಾಳಿ ಬಿಟ್ಟಾಗ ಕತ್ತಲು. ಕೆಲವರು ಹ್ಯಾಂಡಲಿಗೆ ದಾರ ಕಟ್ಟಿಕೊಂಡಿದ್ದರಂತೆ, ಕೆಲವರು ಹೆಸರು ಬರೆಸಿದ್ದರಂತೆ. "ನಂಗೆ ಅದೇನೂ ಬೇಕಾಗಿರ್ಲಿಲ್ಲ. ಬಾರಿನ ಕೆಳಗೆ ಕೈ ಹಾಕಿದ್ರೆ ಸಿಗ್ತಿತ್ತು."

ಆ ರಾತ್ರಿ ವಿಡಿಯೋ ನೋಡುವ ಬದಲು, ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ಮಾಡಿದ ಬೈಸಿಕಲ್ ಥೀವ್ಸ್ ಮತ್ತೆ ನೋಡಿದೆ. ಕಾಲೇಜಿನಲ್ಲಿದ್ದಾಗ ನೋಡಿ, ಬಡತನದ ಸಿನಿಮಾ ಅಂತ ತಿಳಿದು ಪಕ್ಕಕ್ಕಿಟ್ಟಿದ್ದೆ. ಈ ಸಲ ಸೈಕಲ್ಲನ್ನು ನೋಡಿದೆ. ಯುದ್ಧ ಮುಗಿದ ರೋಮ್. ಅಂಟೋನಿಯೋಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತೆ, ಸೈಕಲ್ ಇದ್ದರೆ ಮಾತ್ರ ಅನ್ನೋ ಷರತ್ತು. ಸೈಕಲ್ಲು ಅಡವಿನಲ್ಲಿದೆ. ಅದನ್ನು ಬಿಡಿಸೋಕೆ ಹೆಂಡತಿ ಮರಿಯಾ ಹಾಸಿಗೆಯ ಚಾದರಗಳನ್ನು ಅಡವಿಡುತ್ತಾಳೆ. ಕೆಲಸದ ಮೊದಲ ದಿನವೇ, ಅವನು ಏಣಿಯ ಮೇಲೆ ನಿಂತು ಪೋಸ್ಟರ್ ಅಂಟಿಸುತ್ತಿರುವಾಗ ಸೈಕಲ್ಲು ಕಳುವಾಗುತ್ತೆ.

ಎಲ್ಲರಿಗೂ ನೆನಪಿರೋದು ಕಳ್ಳತನ, ಕೊನೆಯ ಕಣ್ಣೀರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮುಂಚಿನ ಒಂದು ಚಿಕ್ಕ ದೃಶ್ಯ. ಕೆಲಸದ ದಿನ ಬೆಳಿಗ್ಗೆ ಪುಟ್ಟ ಮಗ ಬ್ರೂನೋ ಸೈಕಲ್ ಒರೆಸುತ್ತಿರುತ್ತಾನೆ. ಅದರಲ್ಲೊಂದು ನೆಗ್ಗು ಕಾಣುತ್ತೆ. ಅಡವಿನ ಅಂಗಡಿಯವರೇ ಮಾಡಿದ್ದು ಅಂತ ಅಪ್ಪನಿಗೆ ದೂರುತ್ತಾನೆ. ಮೊದಲೇ ಇತ್ತೇನೋ ಅಂತಾನೆ ಅಪ್ಪ. ಇರಲಿಲ್ಲ ಅಂತ ಹುಡುಗನ ವಾದ. ಅಷ್ಟೇ ದೃಶ್ಯ. ಆದರೆ ಆ ಮನೆಗೆ ಆ ಸೈಕಲ್ಲು ಏನು ಅನ್ನೋದು ಅಲ್ಲಿ ಗೊತ್ತಾಗಿಬಿಡುತ್ತೆ. ಅದರ ಮೈಯ ಒಂದೊಂದು ಇಂಚೂ ಆ ಹುಡುಗನಿಗೆ ಬಾಯಿಪಾಠ. ಹಾಗಾಗಿ ಸೈಕಲ್ಲು ಮಾಯವಾದಾಗ ನಮಗೂ ಹೊಟ್ಟೆಯಲ್ಲಿ ತಳಮಳ. ವಿಡಿಯೋದ ಆ ಎರಡು ಕೈಗಳು ಇಪ್ಪತ್ತು ನಿಮಿಷ ಸೈಕಲ್ಲನ್ನು ಮುಟ್ಟುತ್ತಲೇ ಇರುತ್ತವೆ. ಬ್ರೂನೋಗೆ ಗೊತ್ತಿದ್ದಷ್ಟು ಆ ಕೈಗಳಿಗೆ ಗೊತ್ತಿರಲ್ಲ. ನೆಗ್ಗು ಕಂಡರೆ ಅವು ಕೇಳುವ ಒಂದೇ ಪ್ರಶ್ನೆ, ಎಷ್ಟು ಪುಟ್ಟಿ ಬೇಕು?

ಮಾರನೇ ತಿಂಗಳು ದಾವಣಗೆರೆಗೆ ಹೋದಾಗ ಅಪ್ಪನ ಹಳೇ ಪಂಕ್ಚರ್ ಅಂಗಡಿಗೆ ಹೋಗಿ ಕೂತೆ. ಅಂಗಡಿಯ ಅಜ್ಜ ನನ್ನ ಫೋಟೋ ನೋಡಿ ನಕ್ಕರು. "ಎಲ್ಲಾ ಕಿತ್ತು ಹಾಕೀರಿ, ಕಾಟರ್ ಪಿನ್ ಬದಲಿ ಮಾಡೀರಾ?" ಮಾಡಿರಲಿಲ್ಲ. ಪ್ರತಿ ಸುತ್ತಿಗೂ ಪೆಡಲಿನಲ್ಲಿ ಟಕ್ ಅಂತ ಬರುತ್ತಿದ್ದ ಸದ್ದು ಅದರದೇ. ಹೋಲ್‌ಸೇಲಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಪಿನ್ನು.

ಈಗಿರುವ ಸೈಕಲ್ಲಿನ ವಿವರ ಹೇಳ್ತೀನಿ, ಮಾಡಿಸೋರಿಗೆ ಉಪಯೋಗ ಆಗಬಹುದು. ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್, ಸ್ಟ್ಯಾಂಡು ವಾಪಸ್ ಬಂದಿವೆ. ಪುಣ್ಯಕ್ಕೆ ಹಳೇದನ್ನು ಗುಜರಿಗೆ ಹಾಕಿರಲಿಲ್ಲ. ಮುಂದಿನ ಚಕ್ರಕ್ಕೆ ಹಳೇ ಹಬ್ಬನ್ನೇ ಇಟ್ಟುಕೊಂಡು 32 ತೂತಿನ ಅಲ್ಯೂಮಿನಿಯಂ ರಿಮ್ಮು ಕಟ್ಟಿಸಿದೆ. ಹಳೇ ರಿಮ್ಮಿಗಿಂತ ಅಡ್ಡಳತೆ 13 ಮಿಲಿಮೀಟರ್ ಕಮ್ಮಿ, ಹಾಗಾಗಿ ಉದ್ದ ತೋಳಿನ ಕೇಬಲ್ ಬ್ರೇಕು. ಈಗ ಮಳೆಯಲ್ಲೂ ನಿಲ್ಲುತ್ತೆ. ಹಿಂದಕ್ಕೆ ರಾಡ್ ಬ್ರೇಕೇ ಇರಲಿ ಅಂತ ಬಿಟ್ಟೆ. ಫ್ರೀವೀಲು 18ರ ಬದಲು 20 ಹಲ್ಲಿನದು. ಒಂದು ಸುತ್ತಿಗೆ 4.9 ಮೀಟರ್. ವೇಗ ಸ್ವಲ್ಪ ಕಮ್ಮಿ, ಏರಿನಲ್ಲಿ ಇಳಿದು ತಳ್ಳೋದು ತಪ್ಪಿದೆ. ಡೈನಮೋ ಬೇಡವೆಂದೆ. ಸಿಗ್ನಲಿನಲ್ಲಿ ನಿಂತರೆ ಅದರ ದೀಪವೂ ನಿಲ್ಲುತ್ತೆ, ಈ ಊರಲ್ಲಿ ಹಿಂದಿನ ಕೆಂಪು ದೀಪ ಬೇಕಾಗೋದು ನಿಂತಾಗಲೇ. ಬ್ಯಾಟರಿ ದೀಪ ಹಾಕಿದೆ. ಚರ್ಮದ ಸೀಟು ಮಾರಿದೆ, ಬಂದ ದುಡ್ಡಲ್ಲಿ ಇದರಲ್ಲಿ ಮುಕ್ಕಾಲು ಆಯ್ತು.

2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಅವತ್ತು ನನ್ನ ಫೋನಿನ ತುಂಬಾ ಹಳೇ ಸೈಕಲ್ಲುಗಳ ಚಿತ್ರ, ಬಾಲ್ಯದ ನೆನಪು. ನಾನೂ ಒಂದು ಹಾಕಿದ್ದೆ. ಹಾಕಿದವರಲ್ಲಿ ಎಷ್ಟು ಜನ ಅದರ ಹಿಂದಿನ ವಾರ ಸೈಕಲ್ ತುಳಿದಿದ್ದೆವು ಅಂತ ಈಗ ಯೋಚನೆ ಬರುತ್ತೆ. ನಾನಂತೂ ತುಳಿದಿರಲಿಲ್ಲ.

ಹಸಿರು ಬಣ್ಣ ಹಾಗೇ ಇದೆ, ಮತ್ತೆ ಕರಿ ಹೊಡೆಸಿ ಇನ್ನೊಂದು ನಾಟಕ ಬೇಡ ಅನ್ನಿಸಿತು. ಬಾರಿನ ಕೆಳಗಿನ ಪುಟ್ಟಿಯನ್ನು ಮಾತ್ರ ಒಂದು ಭಾನುವಾರ ಚಾಕುವಿನಿಂದ ಕೆರೆದು ತೆಗೆದೆ, ತುಕ್ಕು ಹಿಡಿಯದಿರಲಿ ಅಂತ ಬ್ರಷ್ಷಿನಲ್ಲಿ ಒಂದಿಷ್ಟು ಬಣ್ಣ ಬಳಿದೆ. ನೋಡೋಕೆ ಏನೂ ಚೆನ್ನಾಗಿಲ್ಲ.

ದೀಪಾವಳಿಗೆ ಅಪ್ಪ ಮತ್ತೆ ಬಂದಿದ್ದರು. ಬೆಳಿಗ್ಗೆ ಎದ್ದಾಗ ಬೀಗದ ಕೈ ಗೂಟದಲ್ಲಿರಲಿಲ್ಲ. ಅರ್ಧ ಗಂಟೆ ಬಿಟ್ಟು ಹಾಲು, ಕರಿಬೇವು ಹಿಡಿದು ಬಂದರು.

"ಹಿಂದಿನ ಬ್ರೇಕ್ ಸಡ್ಲ ಐತಿ, ಬಿಗಿ ಮಾಡಿಸು" ಅಂದರು.