ಎರಡು ಅಂಕದ ‘ಅಂತರರಾಷ್ಟ್ರೀಯ’

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಂಶೋಧನೆಗೆ ಅಂಕ ಕೊಡುವ ಒಂದು ಕೋಷ್ಟಕವಿದೆ. ಅಧ್ಯಾಪಕರು ರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರೆ 3 ಅಂಕ, ದೇಶದೊಳಗೇ ನಡೆದ ಅಂತರರಾಷ್ಟ್ರೀಯ ಸಮ್ಮೇಳನವಾದರೆ 5, ಹೊರದೇಶಕ್ಕೆ ಹೋಗಿ ಬಂದರೆ 7. ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲೂ ಮೆಟೀರಿಯಲ್ ಕೆಮಿಸ್ಟ್ರಿಯ, ಅಂದರೆ ವಸ್ತುಗಳ ರಸಾಯನಶಾಸ್ತ್ರದ, ಸಮ್ಮೇಳನಗಳು ‘ಅಂತರರಾಷ್ಟ್ರೀಯ’ವಾಗುವ ಗುಟ್ಟು ಬಹುಮಟ್ಟಿಗೆ ಈ ಕೋಷ್ಟಕದಲ್ಲಿದೆ. ಬ್ಯಾನರಿನಲ್ಲಿ ಹೊರದೇಶದ ಪ್ರಾಧ್ಯಾಪಕರೊಬ್ಬರ ಫೋಟೊ, ಅವರ ಭಾಷಣ ಝೂಮ್‌ನಲ್ಲಿ. ಉದ್ಘಾಟನೆ, ಶಾಲು, ಹಾರ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಆಮೇಲೆ ಪ್ರಬಂಧಕ್ಕೆ ತಲಾ ಐದಾರು ನಿಮಿಷ, ಪ್ರಶ್ನೆಗೆ ಪುರಸೊತ್ತೆಲ್ಲಿ?

ಪೋಸ್ಟರ್ ಸಾಲು ಮಾತ್ರ ನಿಂತು ನೋಡುವಂಥದ್ದು. ಬೇವೋ ನುಗ್ಗೆಯೋ ತುಳಸಿಯೋ, ಯಾವುದಾದರೊಂದು ಎಲೆಯ ರಸ. ಅದಕ್ಕೆ ಜಿಂಕ್ ನೈಟ್ರೇಟ್ ಬೆರೆಸಿ, ಕುದಿಸಿ, ಕುಲುಮೆಯಲ್ಲಿ 400–500 ಡಿಗ್ರಿಗೆ ಸುಟ್ಟರೆ ಬಿಳಿ ಪುಡಿ: ಜಿಂಕ್ ಆಕ್ಸೈಡ್ ನ್ಯಾನೊಕಣ. ಎಕ್ಸ್-ರೇ ನಕ್ಷೆಯಲ್ಲಿ 36 ಡಿಗ್ರಿಯ ಆಸುಪಾಸು ಎತ್ತರದ ಶಿಖರ, ಷೆರರ್ ಸೂತ್ರದಿಂದ ಹರಳಿನ ಗಾತ್ರ, ಕೊನೆಗೆ ಅಗರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ಉಂಗುರ. ಎಲ್ಲ ಸರಿ. ಆದರೆ ಜಿಂಕ್ ನೈಟ್ರೇಟನ್ನು ಸುಮ್ಮನೆ ಕಾಯಿಸಿದರೂ ಸಿಗುವುದು ಜಿಂಕ್ ಆಕ್ಸೈಡೇ. ಹಾಗಾದರೆ ಎಲೆ ಮಾಡಿದ್ದೇನು? ಎಲೆಯಿಲ್ಲದೆ ತಯಾರಿಸಿದ ಪುಡಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದ ಪೋಸ್ಟರ್ ಅಪರೂಪ. ಎಲೆಯ ಬಗೆಗಿನ ಈ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಸಮ್ಮೇಳನದ ಖರ್ಚು ಅಲ್ಲಿಗೇ ವಸೂಲು. ತಡವರಿಸುತ್ತ ಉತ್ತರ ಕೊಡುವ ಎಂ.ಎಸ್ಸಿ. ಹುಡುಗಿ ಕಲಿಯುವಷ್ಟನ್ನು ಮುಖ್ಯ ಭಾಷಣ ಕಲಿಸದು. ಈ ಕಾರಣಕ್ಕಾದರೂ ಇಂಥ ಕೂಟಗಳು ನಡೆಯಲಿ ಎನ್ನುವವನು ನಾನು.

ನನ್ನ ದೊಡ್ಡ ತಕರಾರು ವಿಷಯದ ಆಯ್ಕೆಯ ಮೇಲೆ. 1976ರಲ್ಲಿ ರಸಾಯನಶಾಸ್ತ್ರಜ್ಞ ಸಿ.ಎನ್.ಆರ್. ರಾವ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಘನಸ್ಥಿತಿ ರಸಾಯನ ವಿಭಾಗ ಕಟ್ಟಿದರು. ಅಲ್ಲಿನ ಉಪಕರಣಗಳ ಬಲದ ಮೇಲೆ ನಡೆಯುವ ಸಂಶೋಧನೆಯನ್ನು ನಮ್ಮ ಬಾಗಲಕೋಟೆ ಜಿಲ್ಲೆಯ ಕಾಲೇಜುಗಳಲ್ಲಿ ಅನುಕರಿಸಿ, ಒಂದು ಸೂಕ್ಷ್ಮದರ್ಶಕ ಚಿತ್ರಕ್ಕಾಗಿ ಧಾರವಾಡಕ್ಕೆ ಮಾದರಿ ಕಳಿಸಿ ಕಾಯುವುದು ಯಾವ ಪುರುಷಾರ್ಥಕ್ಕೆ? ಈ ಜಿಲ್ಲೆಗೆ ವಸ್ತುಗಳ ಬರವೇ? ಹುನಗುಂದದ ಎರೆಮಣ್ಣು ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಿರಿಯುವುದೂ ಮೆಟೀರಿಯಲ್ ಕೆಮಿಸ್ಟ್ರಿಯೇ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು ಆದಾಗ ಒಂದು ಸೆಲ್ಯುಲೋಸ್, ಇನ್ನೊಂದು ಪ್ರೋಟೀನ್. ಬಣ್ಣ ಹಿಡಿಯುವ ಬಗೆ ಬೇರೆ, ಒಗೆದರೆ ಕುಗ್ಗುವ ಬಗೆಯೂ ಬೇರೆ. ಸೆರಗಿನ ಕೆಂಪು ಒಡಲಿಗೆ ಹತ್ತದಂತೆ, ಕೊಂಡಿಯ ಬಳಿ ಬಟ್ಟೆ ಸೊಟ್ಟಗಾಗದಂತೆ ಮಾಡುವುದು ಹೇಗೆ? ಬಣ್ಣ ಹಾಕುವವರೊಬ್ಬರನ್ನು ಅರ್ಧ ತಾಸು ಸಭೆಯಲ್ಲಿ ಕೂಡಿಸಿದರೆ ಇಂಥ ಪ್ರಶ್ನೆಗಳು ಸಾಲಾಗಿ ಬರುತ್ತವೆ.

ಇಳಕಲ್ಲಿನ ಕೆಂಪು ಗ್ರಾನೈಟ್ ಊರೂರಿಗೆ ಹೋಗುತ್ತದೆ. ಕೊಯ್ದು ಪಾಲಿಶ್ ಮಾಡುವಾಗ ಹರಿಯುವ ರಾಡಿ ಇಲ್ಲೇ ಉಳಿಯುತ್ತದೆ. ಆ ರಾಡಿ ಆರಿ ಆದ ಪುಡಿಯನ್ನು ಸಿಮೆಂಟಿಗೆ ಎಷ್ಟು ಪಾಲು ಬೆರೆಸಿದರೆ ಕಾಂಕ್ರೀಟಿನ ಬಲ ತಗ್ಗದು ಎಂದು ಅಳೆಯಲು ಕೋಟಿ ರೂಪಾಯಿಯ ಯಂತ್ರ ಬೇಡ. ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆಯ ಪರಂಪರೆಯಿದೆ, 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜೂ ಇದೆ.

ಬಾದಾಮಿಯ ಕಥೆ ಇನ್ನೂ ವಿಚಿತ್ರ. ಅಲ್ಲಿನ ಮರಳುಗಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಇಂಥ ಕಲ್ಲಿನೊಳಗೆ ನೀರು ಜಿನುಗಿ ಆರಿದಾಗ ಉಪ್ಪು ಹರಳುಗಟ್ಟಿ ಮೇಲ್ಪದರ ಉದುರಬಲ್ಲದು. ಕ್ರಿ.ಶ. 578ರ ಮಂಗಳೇಶನ ಶಾಸನವಿರುವ ಮೂರನೆಯ ಗುಹೆಯಲ್ಲಿ ಭಿತ್ತಿಚಿತ್ರದ ಚೂರುಗಳು ಇನ್ನೂ ಇವೆ. ಸಮ್ಮೇಳನಕ್ಕೆ ಬಂದವರನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುವುದೇನೋ ಉಂಟು. ಕಾರ್ಯಕ್ರಮ ಪಟ್ಟಿಯಲ್ಲಿ ಅದು ಕೊನೆಯ ಗೋಷ್ಠಿಯ ನಂತರ, ‘ಪ್ರವಾಸ’ ಎಂಬ ಹೆಸರಿನಲ್ಲಿ ಇರುತ್ತದೆ.